ಕ್ರಿಮಿನಲ್ ಪ್ರಕರಣದಲ್ಲಿ ತಡೆಹಿಡಿದ ಖಾತೆ ಮತ್ತು ಆಸ್ತಿ: ಆದೇಶ ಯಾವಾಗ ಮುಗಿಯುತ್ತದೆ, ಬಿಡಿಸಿಕೊಳ್ಳುವುದು ಹೇಗೆ

ಬ್ಯಾಂಕ್ ಖಾತೆ ಡೆಬಿಟ್ ಫ್ರೀಜ್ ಆದಾಗ (ಹಣ ತೆಗೆಯದಂತೆ ತಡೆ ಬಿದ್ದಾಗ), ಅಥವಾ ಸೈಟಿನ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿದಾಗ ಅದರಲ್ಲಿ ಜಪ್ತಿ ಆದೇಶದ ನಮೂದು ಕಂಡಾಗ, ಯಾರೇ ಆಗಲಿ ಮೊದಲು ಕೇಳುವುದು ಇದು ಎಷ್ಟು ದಿನ ಇರುತ್ತದೆ ಎಂದೇ. ಈ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಒಂದು ಉತ್ತರವಿಲ್ಲ, ಏಕೆಂದರೆ ಆಸ್ತಿಯನ್ನು ತಡೆಹಿಡಿಯುವ ಅಧಿಕಾರವನ್ನು ನಮ್ಮಲ್ಲಿ ಹಲವು ಕಾನೂನುಗಳು ಬೇರೆ ಬೇರೆಯಾಗಿ ಕೊಟ್ಟಿವೆ ಮತ್ತು ಪ್ರತಿಯೊಂದು ಕಾನೂನೂ ಆ ಆದೇಶದ ಆಯುಸ್ಸನ್ನು ತನ್ನದೇ ರೀತಿಯಲ್ಲಿ ಗೊತ್ತುಪಡಿಸಿದೆ. ಕೆಲವು ಆದೇಶಗಳು ಅವಧಿ ಮುಗಿದ ದಿನ ತಾವಾಗಿಯೇ ಬಿದ್ದುಹೋಗುತ್ತವೆ. ಕೆಲವು ನ್ಯಾಯಾಲಯ ತೆಗೆಯುವವರೆಗೂ ಉಳಿಯುತ್ತವೆ. ಇನ್ನು ಕೆಲವಕ್ಕೆ ಕಾನೂನಿನಲ್ಲಿ ಕಾಲಮಿತಿಯೇ ಇಲ್ಲ. ಕಾನೂನಿನ ದೃಷ್ಟಿಯಲ್ಲಿ ಮುಗಿದ ಆದೇಶ ಬ್ಯಾಂಕಿನ ಕಂಪ್ಯೂಟರಿನಲ್ಲಿ, ಪಹಣಿಯ ಕಾಲಂನಲ್ಲಿ ವರ್ಷಗಟ್ಟಲೆ ಜೀವಂತವಾಗಿರುವುದೂ ಉಂಟು. ಆದ್ದರಿಂದ ಆದೇಶ ಎಂದು ಮುಗಿಯುತ್ತದೆ ಎಂದು ಲೆಕ್ಕ ಹಾಕುವುದು ಅರ್ಧ ಕೆಲಸ ಮಾತ್ರ, ಮುಗಿದಿದೆ ಎಂಬುದನ್ನು ಲಿಖಿತವಾಗಿ ಪಡೆದು ಸಂಬಂಧಪಟ್ಟ ಕಚೇರಿಗೆ ಮುಟ್ಟಿಸುವುದು ಇನ್ನರ್ಧ ಕೆಲಸ.

ಮೊದಲು ಸೆಕ್ಷನ್ ಯಾವುದೆಂದು ಪತ್ತೆಮಾಡಿ

ವಕೀಲರ ಬಳಿ ಹೋಗುವ ಮುನ್ನವೇ ಮಾಡಬಹುದಾದ ಕೆಲಸವಿದು, ಮತ್ತು ಇದೊಂದು ಸರಿಯಾದರೆ ಮುಂದಿನದು ಬಹುಪಾಲು ಹಗುರವಾಗುತ್ತದೆ. ಖಾತೆಯಾಗಿದ್ದರೆ ಬ್ಯಾಂಕ್ ಶಾಖೆಗೆ ಲಿಖಿತ ಅರ್ಜಿ ಕೊಟ್ಟು, ಯಾವ ಠಾಣೆಯಿಂದ ಅಥವಾ ಯಾವ ಸಂಸ್ಥೆಯಿಂದ, ಯಾವ ದಿನಾಂಕದಂದು, ಯಾವ ಕ್ರೈಂ ನಂಬರಿನಲ್ಲಿ, ಯಾವ ಸೆಕ್ಷನ್ ಅಡಿ, ಎಷ್ಟು ಮೊತ್ತಕ್ಕೆ ಸೂಚನೆ ಬಂದಿದೆ ಎಂದು ಕೇಳಿ, ಆ ಪತ್ರದ ನಕಲನ್ನೂ ಕೇಳಬೇಕು. ಕೌಂಟರಿನಲ್ಲಿ ‘ಮೇಲಿನಿಂದ ಫ್ರೀಜ್ ಆಗಿದೆ’ ಎಂದಷ್ಟೇ ಹೇಳಿ ಕಳುಹಿಸುವುದು ಸಾಮಾನ್ಯ. ಅರ್ಜಿಯ ಸ್ವೀಕೃತಿಗೆ ಮೊಹರು ಹಾಕಿಸಿಕೊಂಡರೆ ಮಾತಿನ ಧಾಟಿ ಬದಲಾಗುತ್ತದೆ. ಸ್ಥಿರಾಸ್ತಿಯಾಗಿದ್ದರೆ ಇ.ಸಿ.ಯಲ್ಲಿ ಆದೇಶದ ಸಂಖ್ಯೆ ಮತ್ತು ದಿನಾಂಕವನ್ನೂ, ಕೃಷಿ ಜಮೀನಾದರೆ ಪಹಣಿಯ 11ನೇ ಕಾಲಂನಲ್ಲಿರುವ ಋಣದ ನಮೂದನ್ನೂ ನೋಡಿ, ಉಪನೋಂದಣಿ ಕಚೇರಿಯಿಂದಲೋ ತಾಲ್ಲೂಕು ಕಚೇರಿಯಿಂದಲೋ ಮೂಲ ಪತ್ರದ ನಕಲು ಪಡೆಯಬೇಕು. ಪೊಲೀಸರು ವಶಪಡಿಸಿಕೊಂಡ ವಸ್ತುವಾಗಿದ್ದರೆ, ಅವರು ಮ್ಯಾಜಿಸ್ಟ್ರೇಟರಿಗೆ ಸಲ್ಲಿಸುವ ಆಸ್ತಿ ಪಟ್ಟಿಯ ಪಿ.ಎಫ್. ನಂಬರ್ ನಿಮ್ಮ ಕೈಯಲ್ಲಿರಬೇಕು. ಆ ನಂಬರಿಲ್ಲದೆ ಹಾಕಿದ ಅರ್ಜಿ ನ್ಯಾಯಾಲಯದ ಕಚೇರಿಯಲ್ಲೇ ಓಡಾಡುತ್ತಿರುತ್ತದೆ.

ದಿನಾಂಕವನ್ನು ಇನ್ನೂ ಒಂದು ಕಾರಣಕ್ಕೆ ಗಮನಿಸಬೇಕು. 2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದಕ್ಕೂ ಮೊದಲು ಆರಂಭವಾಗಿ ಬಾಕಿ ಇದ್ದ ತನಿಖೆ ಮತ್ತು ವಿಚಾರಣೆಗಳು ಹಳೆಯ ಸಂಹಿತೆಯಂತೆಯೇ ಮುಂದುವರಿಯುವುದರಿಂದ, ಹಳೆಯ ಪ್ರಕರಣದಲ್ಲಿ 102, 451, 457 ಎಂಬ ಸಂಖ್ಯೆಗಳೂ ಹೊಸ ಪ್ರಕರಣದಲ್ಲಿ ಅವುಗಳಿಗೆ ಅನುಕ್ರಮವಾಗಿ 106, 497, 503 ಎಂಬ ಸಂಖ್ಯೆಗಳೂ ಸಿಗುತ್ತವೆ.

ಪೊಲೀಸರು ಖಾತೆ ತಡೆಹಿಡಿದಾಗ: 106ನೇ ಸೆಕ್ಷನ್

ಜನಸಾಮಾನ್ಯರಿಗೆ ಎದುರಾಗುವುದು ಹೆಚ್ಚಾಗಿ ಇದೇ. ಚಿಕ್ಕಪೇಟೆಯ ಸೀರೆ ಅಂಗಡಿಯವರೊಬ್ಬರಿಗೆ ಅಪರಿಚಿತ ಗ್ರಾಹಕರೊಬ್ಬರು ಯುಪಿಐ ಮೂಲಕ 8,400 ರೂಪಾಯಿ ಪಾವತಿಸಿದರು ಎಂದಿಟ್ಟುಕೊಳ್ಳಿ. ಆ ಹಣ ಬೇರೆ ರಾಜ್ಯದಲ್ಲಿ ನಡೆದ ಸೈಬರ್ ವಂಚನೆಯದ್ದಾಗಿದ್ದು, ಅಲ್ಲಿ ದೂರು ದಾಖಲಾಗಿ, ಹಣ ಸಾಗಿದ ಜಾಡಿನಲ್ಲಿದ್ದ ಖಾತೆಗಳನ್ನೆಲ್ಲ ಅಲ್ಲಿನ ಪೊಲೀಸರು ತಡೆಹಿಡಿಸಿದ್ದಾರೆ. ಅಂಗಡಿಯವರ ಚಾಲ್ತಿ ಖಾತೆಯಲ್ಲಿದ್ದ ಮೂರು ಲಕ್ಷವೂ ಸಿಕ್ಕಿಕೊಂಡಿತು. ನೇಕಾರರಿಗೆ ಕೊಟ್ಟ ಚೆಕ್ ವಾಪಸಾಯಿತು, ಜಿಎಸ್‌ಟಿ ಕಟ್ಟುವ ದಿನವೂ ಬಂತು.

ಬ್ಯಾಂಕ್ ಖಾತೆಯೂ ಪೊಲೀಸರು ವಶಪಡಿಸಿಕೊಳ್ಳಬಹುದಾದ ‘ಆಸ್ತಿ’ಯೇ ಎಂದು ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ಆದರೆ ಈ ಸೆಕ್ಷನ್ನಿನಲ್ಲಿ ತಡೆ ಎಷ್ಟು ದಿನ ಇರಬಹುದು ಎಂಬ ಮಾತೇ ಇಲ್ಲ. ವಶಪಡಿಸಿಕೊಂಡ ವಿಷಯವನ್ನು ಪೊಲೀಸರು ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು ಎಂಬ ಷರತ್ತು ಇದೆ. ಆ ವರದಿ ತಡವಾದರೆ ತಡೆ ತಾನಾಗಿ ರದ್ದಾಗುತ್ತದೆ ಎಂದು ಹಲವು ಹೈಕೋರ್ಟ್‌ಗಳು ಹೇಳುತ್ತಿದ್ದವು; 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ನಿಲುವನ್ನು ಒಪ್ಪದೆ, ತಡವಾದ ಮಾತ್ರಕ್ಕೆ ಜಪ್ತಿ ಅಸಿಂಧುವಾಗುವುದಿಲ್ಲ, ತಡಮಾಡಿದ ಅಧಿಕಾರಿ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ ಎಂದಿತು. ಹೀಗಾಗಿ ವರದಿಯೇ ಆಗಿಲ್ಲ ಎಂಬುದನ್ನು ಅರ್ಜಿಯಲ್ಲಿ ಹೇಳಬಹುದು, ಹೇಳಬೇಕು ಕೂಡ, ಆದರೆ ಆ ಒಂದೇ ಕಾರಣವನ್ನು ನೆಚ್ಚಿ ಕೂರುವಂತಿಲ್ಲ.

ಹಾಗಾದರೆ ಈ ತಡೆ ಮುಗಿಯುವ ದಾರಿಗಳಾವುವು? ತನಿಖೆಗೆ ಇನ್ನು ಬೇಕಿಲ್ಲ ಎನಿಸಿದರೆ ತನಿಖಾಧಿಕಾರಿಯೇ ಬ್ಯಾಂಕಿಗೆ ಪತ್ರ ಬರೆದು ತೆರವುಗೊಳಿಸಬಹುದು. ವ್ಯಾಪಾರದ ಬಿಲ್ಲು, ಜಿಎಸ್‌ಟಿ ರಿಟರ್ನ್, ಸರಕು ಕಳುಹಿಸಿದ ರಸೀದಿ, ಗ್ರಾಹಕರೊಂದಿಗಿನ ಸಂದೇಶಗಳು ಇವೆಲ್ಲವನ್ನೂ ಜೋಡಿಸಿ ಇ-ಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ತನಿಖಾಧಿಕಾರಿಗೆ ಕಳುಹಿಸಿದರೆ, ಸಣ್ಣ ಮೊತ್ತದ ಪ್ರಕರಣಗಳು ಇಲ್ಲಿಯೇ ಬಗೆಹರಿಯಬಹುದು. ಬಗೆಹರಿಯದಿದ್ದರೆ ಆ ಠಾಣೆಯ ವ್ಯಾಪ್ತಿಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ 497 ಅಥವಾ 503ನೇ ಸೆಕ್ಷನ್ ಅಡಿ ಅರ್ಜಿ ಹಾಕಬೇಕು. ವಶದಲ್ಲಿರುವ ಆಸ್ತಿಯನ್ನು ಅಗತ್ಯಕ್ಕಿಂತ ಹೆಚ್ಚು ದಿನ ಹಾಗೆಯೇ ಇಟ್ಟುಕೊಳ್ಳಬಾರದು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದ ಮಾತಿಗೆ ಹೊಸ ಸಂಹಿತೆ ಒಂದಿಷ್ಟು ಬಲ ಕೊಟ್ಟಿದೆ: ನ್ಯಾಯಾಲಯದ ಮುಂದೆ ಹಾಜರುಪಡಿಸಿದ ಆಸ್ತಿಯ ವಿವರಪಟ್ಟಿಯನ್ನು 14 ದಿನಗಳಲ್ಲಿ ಸಿದ್ಧಪಡಿಸಿ, ಛಾಯಾಚಿತ್ರ ಅಥವಾ ವಿಡಿಯೊ ತೆಗೆಸಿ, ಅಲ್ಲಿಂದ 30 ದಿನಗಳಲ್ಲಿ ಅದರ ವಿಲೇವಾರಿಗೆ ಆದೇಶಿಸಬೇಕು ಎಂದು 497ನೇ ಸೆಕ್ಷನ್ ಹೇಳುತ್ತದೆ. ವಾಹನ, ಚಿನ್ನ, ಮೊಬೈಲುಗಳ ಮಟ್ಟಿಗೆ ಇದು ತುಂಬ ಉಪಯುಕ್ತ. ಖಾತೆಯ ವಿಷಯದಲ್ಲಿ ಇದನ್ನೇ ಆಧಾರವಾಗಿಟ್ಟುಕೊಂಡು ಬೇಗ ತೀರ್ಮಾನಿಸುವಂತೆ ಕೋರಬಹುದು.

ಬೇರೆ ರಾಜ್ಯದ ಠಾಣೆಯಾದರೆ ಅಲ್ಲಿನ ಮ್ಯಾಜಿಸ್ಟ್ರೇಟರ ಬಳಿಗೆ ಹೋಗುವುದು ಅಂಗಡಿಯವರಿಗೆ ಕಷ್ಟ. ಅಂಥವರು ತಮ್ಮ ಖಾತೆ ಇರುವ ಊರಿನ ಹೈಕೋರ್ಟಿನಲ್ಲಿ, ಎಂದರೆ ನಮ್ಮವರು ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠದಲ್ಲಿ, ಬ್ಯಾಂಕನ್ನೂ ಎದುರುದಾರರನ್ನಾಗಿ ಮಾಡಿ ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ ಹಾಕುವುದುಂಟು. ಅಲ್ಲಿ ಇಡೀ ಖಾತೆಯ ಬಿಡುಗಡೆಗೆ ಪಟ್ಟು ಹಿಡಿಯುವುದಕ್ಕಿಂತ, ವಿವಾದಿತ ಮೊತ್ತಕ್ಕೆ ಮಾತ್ರ ತಡೆಯನ್ನು ಸೀಮಿತಗೊಳಿಸಿ ಎಂದು ಕೇಳುವುದು ಜಾಣತನ. ಕೇರಳ ಹೈಕೋರ್ಟ್ 2023ರಲ್ಲಿ ಇಂಥದೇ ಹಲವು ಅರ್ಜಿಗಳಲ್ಲಿ ಪೊಲೀಸರು ಸೂಚಿಸಿದ ಮೊತ್ತಕ್ಕೆ ಮಾತ್ರ ತಡೆ ಇರಲಿ ಎಂದು ಬ್ಯಾಂಕುಗಳಿಗೆ ಹೇಳಿದೆ. ಮೇಲಿನ ಉದಾಹರಣೆಯಲ್ಲಿ 8,400 ರೂಪಾಯಿ ಹಾಗೆಯೇ ಉಳಿದು ಮಿಕ್ಕ ಹಣ ಓಡಾಡಿದರೆ ಅಂಗಡಿ ನಡೆಯುತ್ತದೆ; ಆ 8,400ರ ಜಗಳವನ್ನು ನಿಧಾನವಾಗಿ ಆಡಬಹುದು.

ಸ್ಥಿರಾಸ್ತಿಗೆ ಈ ಸೆಕ್ಷನ್ ಅನ್ವಯಿಸುವುದೇ ಇಲ್ಲ. ಪೊಲೀಸರು ಈ ಅಧಿಕಾರ ಬಳಸಿ ಮನೆಗೆ, ಮಳಿಗೆಗೆ ಬೀಗ ಹಾಕಿ ಜಪ್ತಿ ಮಾಡುವಂತಿಲ್ಲ ಎಂದು ನೆವಾಡ ಪ್ರಾಪರ್ಟೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಸೆಪ್ಟೆಂಬರ್‌ನಲ್ಲಿ ತೀರ್ಪು ಕೊಟ್ಟಿದೆ. ಉಪನೋಂದಣಾಧಿಕಾರಿಗೆ ಪೊಲೀಸ್ ಠಾಣೆಯಿಂದ ಬಂದ ಬರಿಯ ಒಂದು ಪತ್ರದ ಮೇಲೆ ನಿಮ್ಮ ಸೈಟಿನ ನೋಂದಣಿ ನಿಂತಿದ್ದರೆ, ಮೊದಲು ಕೇಳಬೇಕಾದುದು ಅದರ ಹಿಂದೆ ನ್ಯಾಯಾಲಯದ ಆದೇಶವಿದೆಯೇ ಎಂಬುದನ್ನು.

ನ್ಯಾಯಾಲಯವೇ ಜಪ್ತಿ ಮಾಡಿದಾಗ: 107ನೇ ಸೆಕ್ಷನ್

ಇದು ಹೊಸ ಸಂಹಿತೆ ತಂದ ಹೊಸ ಅಧಿಕಾರ. ಆಸ್ತಿಯು ಅಪರಾಧದಿಂದ ಬಂದ ಗಳಿಕೆ ಎಂದು ನಂಬಲು ಕಾರಣವಿದ್ದರೆ, ತನಿಖಾಧಿಕಾರಿಯು ಪೊಲೀಸ್ ವರಿಷ್ಠಾಧಿಕಾರಿ ಅಥವಾ ಆಯುಕ್ತರ ಅನುಮೋದನೆ ಪಡೆದು ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ನ್ಯಾಯಾಲಯ 14 ದಿನಗಳೊಳಗೆ ಕಾರಣ ತೋರಿಸುವಂತೆ ನೋಟಿಸ್ ಕೊಡಬಹುದು. ನೋಟಿಸ್ ಕೊಟ್ಟರೆ ಆಸ್ತಿ ಕೈತಪ್ಪುತ್ತದೆ ಎನಿಸಿದರೆ ಏಕಪಕ್ಷೀಯವಾಗಿ ಮಧ್ಯಂತರ ಜಪ್ತಿಗೂ ಆದೇಶಿಸಬಹುದು. ಇಲ್ಲಿ ದಿನಗಳ ಮಿತಿಯನ್ನು ಹುಡುಕಿದರೆ ಸಿಗುವುದಿಲ್ಲ: ಆ ಆಸ್ತಿ ಅಪರಾಧದ ಗಳಿಕೆ ಹೌದೋ ಅಲ್ಲವೋ ಎಂದು ನ್ಯಾಯಾಲಯ 6ನೇ ಉಪಪ್ರಕರಣದಡಿ ತೀರ್ಮಾನಿಸುವವರೆಗೆ ಮಧ್ಯಂತರ ಆದೇಶ ಜಾರಿಯಲ್ಲಿರುತ್ತದೆ. ಹೌದೆಂದಾದರೆ ಜಿಲ್ಲಾ ದಂಡಾಧಿಕಾರಿಯು ಅದನ್ನು 60 ದಿನಗಳಲ್ಲಿ ನೊಂದವರಿಗೆ ಪಾಲು ಪ್ರಕಾರ ಹಂಚಬೇಕು, ಉಳಿದದ್ದು ಸರ್ಕಾರಕ್ಕೆ ಸೇರುತ್ತದೆ.

ಇದರಿಂದ ತಿಳಿಯಬೇಕಾದ್ದು, ಈ ಸೆಕ್ಷನ್ನಿನಲ್ಲಿ ಮೂಲ ಪ್ರಕರಣದ ವಿಚಾರಣೆ ಮುಗಿದು ಖುಲಾಸೆ ಸಿಗಲಿ, ಆಮೇಲೆ ನೋಡೋಣ ಎಂದು ಸುಮ್ಮನಿರುವುದು ಅಪಾಯಕಾರಿ. ಆಸ್ತಿ ಹಂಚಿಹೋದ ಮೇಲೆ ಖುಲಾಸೆಯ ತೀರ್ಪು ಹಿಡಿದು ಯಾರ ಬಳಿ ಹೋಗುತ್ತೀರಿ? ನೋಟಿಸ್ ಬಂದ 14 ದಿನಗಳಲ್ಲಿ ಹಣದ ಮೂಲವನ್ನು ಕಾಗದಪತ್ರಗಳ ಸಮೇತ ತೋರಿಸಿ ಆಕ್ಷೇಪಣೆ ಸಲ್ಲಿಸಲೇಬೇಕು. ಹಾಜರಾಗದಿದ್ದರೆ ಏಕಪಕ್ಷೀಯ ಆದೇಶವಾಗುತ್ತದೆ. ಅಪರಾಧದ ಗಳಿಕೆ ಎಂಬ ಕಾರಣಕ್ಕೆ ತಡೆಹಿಡಿಯಬೇಕಾದರೆ 106ನೇ ಸೆಕ್ಷನ್ ಸಾಲದು, 107ರ ದಾರಿಯಲ್ಲೇ ಬರಬೇಕು ಎಂಬ ವಾದವನ್ನು ಕೇರಳ ಹೈಕೋರ್ಟ್ 2025ರಲ್ಲಿ ಎತ್ತಿಹಿಡಿದಿದೆ. ನಿಮ್ಮ ಪ್ರಕರಣಕ್ಕೆ ಅದು ಹೊಂದುತ್ತದೆಯೇ ಎಂದು ವಕೀಲರೊಂದಿಗೆ ನೋಡಬಹುದು.

ತಲೆಮರೆಸಿಕೊಂಡವರ ಆಸ್ತಿ

ವಾರಂಟಿಗೆ ಸಿಗದೆ ತಲೆಮರೆಸಿಕೊಂಡವರಿಗೆ ನ್ಯಾಯಾಲಯ ಉದ್ಘೋಷಣೆ ಹೊರಡಿಸಿ, ಹೊಸ ಸಂಹಿತೆಯ 85ನೇ ಸೆಕ್ಷನ್ ಅಡಿ ಆಸ್ತಿ ಜಪ್ತಿ ಮಾಡಿದಾಗ ಲೆಕ್ಕ ಬೇರೆ. ಉದ್ಘೋಷಣೆಯಲ್ಲಿ ಕೊಟ್ಟ ಗಡುವಿನೊಳಗೆ ಆ ವ್ಯಕ್ತಿ ಹಾಜರಾದರೆ ನ್ಯಾಯಾಲಯ ಆಸ್ತಿಯನ್ನು ಬಿಡುಗಡೆ ಮಾಡಲೇಬೇಕು. ಬಾರದಿದ್ದರೆ ಆಸ್ತಿ ರಾಜ್ಯ ಸರ್ಕಾರದ ಅಧೀನಕ್ಕೆ ಹೋಗುತ್ತದೆ, ಆದರೆ ಜಪ್ತಿಯಾದ ಆರು ತಿಂಗಳು ಕಳೆಯುವವರೆಗೆ ಮತ್ತು ಬಂದಿರುವ ತಕರಾರುಗಳು ತೀರ್ಮಾನವಾಗುವವರೆಗೆ ಸಾಮಾನ್ಯವಾಗಿ ಅದನ್ನು ಮಾರುವಂತಿಲ್ಲ. ಜಪ್ತಿಯಾದ ಎರಡು ವರ್ಷಗಳೊಳಗೆ ಆತ ತಾನಾಗಿ ಬಂದೋ ಹಿಡಿದು ತರಲ್ಪಟ್ಟೋ, ತಾನು ವಾರಂಟ್ ತಪ್ಪಿಸಲು ಓಡಿಹೋಗಿರಲಿಲ್ಲವೆಂದೂ ಉದ್ಘೋಷಣೆಯ ವಿಷಯ ತನಗೆ ತಿಳಿದಿರಲಿಲ್ಲವೆಂದೂ ರುಜುವಾತುಪಡಿಸಿದರೆ, ಆಸ್ತಿಯೋ ಮಾರಿ ಬಂದ ಹಣವೋ ಖರ್ಚು ಕಳೆದು ಹಿಂದಕ್ಕೆ ಬರುತ್ತದೆ.

ನಮ್ಮ ಕಡೆ ಇಂಥ ಜಪ್ತಿಯ ಬಿಸಿ ತಟ್ಟುವುದು ಬಹುಪಾಲು ಮನೆಯವರಿಗೆ. ಅಣ್ಣ ಊರು ಬಿಟ್ಟಿದ್ದಾನೆ, ಪಿತ್ರಾರ್ಜಿತ ಜಮೀನಿನ ಪಹಣಿಯಲ್ಲಿ ಇನ್ನೂ ಎಲ್ಲರ ಹೆಸರು ಜಂಟಿಯಾಗಿದೆ, ಇಡೀ ಸರ್ವೆ ನಂಬರಿಗೇ ಜಪ್ತಿ ಬಂದಿದೆ ಎಂಬಂಥ ಸಂದರ್ಭದಲ್ಲಿ, ತಮ್ಮಂದಿರೂ ಅಕ್ಕತಂಗಿಯರೂ ತಮ್ಮ ಪಾಲಿನ ಮಟ್ಟಿಗೆ 87ನೇ ಸೆಕ್ಷನ್ ಅಡಿ ತಕರಾರು ಸಲ್ಲಿಸಬಹುದು. ಅದಕ್ಕೆ ಜಪ್ತಿಯ ದಿನದಿಂದ ಆರು ತಿಂಗಳ ಗಡುವಿದೆ, ಮತ್ತು ಊರಿನಲ್ಲಿ ಪಂಚಾಯಿತಿ ಮಾತುಕತೆ ನಡೆಯುತ್ತಿರುವಾಗ ಆ ಆರು ತಿಂಗಳು ಕಳೆದುಹೋಗುವುದು ಬಹಳ ಸುಲಭ.

ಭ್ರಷ್ಟಾಚಾರದ ಪ್ರಕರಣಗಳು: 1944ರ ಸುಗ್ರೀವಾಜ್ಞೆ

ಲೋಕಾಯುಕ್ತ ಪೊಲೀಸರು ಆದಾಯಕ್ಕಿಂತ ಹೆಚ್ಚಿನ ಆಸ್ತಿಯ ಪ್ರಕರಣ ಹಾಕಿದಾಗ ನೌಕರರ ಆಸ್ತಿಯನ್ನು ಜಪ್ತಿ ಮಾಡಲು ಬಳಕೆಯಾಗುವುದು ಸ್ವಾತಂತ್ರ್ಯಪೂರ್ವದ, ಇಂದಿಗೂ ಜಾರಿಯಲ್ಲಿರುವ 1944ರ ಕ್ರಿಮಿನಲ್ ಕಾನೂನು ತಿದ್ದುಪಡಿ ಸುಗ್ರೀವಾಜ್ಞೆ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಸೇರಿಸಿದ 18ಎ ಸೆಕ್ಷನ್ ಇದನ್ನು ವಿಶೇಷ ನ್ಯಾಯಾಧೀಶರ ಕೈಗೆ ಕೊಟ್ಟಿದೆ. ಆದೇಶದ ಅವಧಿಯನ್ನು ಸ್ಪಷ್ಟವಾಗಿ ಬರೆದಿರುವ ಕಾನೂನುಗಳಲ್ಲಿ ಇದೊಂದು. ಜಪ್ತಿಯ ಹೊತ್ತಿಗೆ ನ್ಯಾಯಾಲಯ ಅಪರಾಧದ ಕಾಗ್ನಿಜೆನ್ಸ್ (ಅಪರಾಧವನ್ನು ವಿಚಾರಣೆಗೆ ಅಧಿಕೃತವಾಗಿ ಪರಿಗಣಿಸುವುದು) ತೆಗೆದುಕೊಂಡಿರದಿದ್ದರೆ, ಆದೇಶ ಒಂದು ವರ್ಷ ಮಾತ್ರ ಉಳಿಯುತ್ತದೆ (ಮೂಲದಲ್ಲಿ ಮೂರು ತಿಂಗಳಿದ್ದುದನ್ನು 1988ರ ಭ್ರಷ್ಟಾಚಾರ ತಡೆ ಕಾಯ್ದೆ ಒಂದು ವರ್ಷಕ್ಕೆ ಏರಿಸಿತು). ಆ ವರ್ಷದೊಳಗೆ ಕಾಗ್ನಿಜೆನ್ಸ್ ಆಗಿರಬೇಕು, ಇಲ್ಲವೇ ನ್ಯಾಯಾಧೀಶರು ಅವಧಿಯನ್ನು ವಿಸ್ತರಿಸಿರಬೇಕು. ಕಾಗ್ನಿಜೆನ್ಸ್ ಆದ ಮೇಲೆ, ಪ್ರಕರಣ ಮುಗಿದು ಜಪ್ತಿಯ ಬಗ್ಗೆ ಪ್ರತ್ಯೇಕ ಆದೇಶವಾಗುವವರೆಗೂ ಅದು ಮುಂದುವರಿಯುತ್ತದೆ.

ದೋಷಾರೋಪಣ ಪಟ್ಟಿ ಸಲ್ಲಿಕೆಯಾದ ದಿನವೂ ಕಾಗ್ನಿಜೆನ್ಸ್ ತೆಗೆದುಕೊಂಡ ದಿನವೂ ಒಂದೇ ಆಗಿರಬೇಕೆಂದಿಲ್ಲ. ಸರ್ಕಾರಿ ನೌಕರರ ವಿರುದ್ಧ ಕಾಗ್ನಿಜೆನ್ಸ್ ತೆಗೆದುಕೊಳ್ಳಲು ಸಕ್ಷಮ ಪ್ರಾಧಿಕಾರದ ಅಭಿಯೋಜನಾ ಮಂಜೂರಾತಿ (ಮೊಕದ್ದಮೆ ನಡೆಸಲು ಒಪ್ಪಿಗೆ) ಬೇಕಾಗಿರುವುದರಿಂದ, ಮಂಜೂರಾತಿಯ ಕಡತ ವಿಧಾನಸೌಧದಲ್ಲಿ ಕುಳಿತಿರುವಾಗಲೇ ವರ್ಷ ತುಂಬಬಹುದು. ಹಾಗಾಗಿ ನ್ಯಾಯಾಲಯದ ಆರ್ಡರ್ ಶೀಟಿನ ದೃಢೀಕೃತ ನಕಲು ಪಡೆದು, ಕಾಗ್ನಿಜೆನ್ಸ್ ದಿನಾಂಕವನ್ನೂ ವಿಸ್ತರಣೆಯ ಆದೇಶ ಇದೆಯೇ ಎಂಬುದನ್ನೂ ನೋಡಬೇಕು. ಖುಲಾಸೆಯಾದರೆ ಜಪ್ತಿಯನ್ನು ಕೂಡಲೇ ಹಿಂತೆಗೆದುಕೊಳ್ಳಬೇಕೆಂದು ಈ ಕಾನೂನು ಹೇಳುತ್ತದೆ. ಅಷ್ಟರವರೆಗೆ ಕಾಯಲಾಗದವರು ಆಸ್ತಿಯ ಬದಲಿಗೆ ಭದ್ರತೆ ಒದಗಿಸಿ ಜಪ್ತಿಯಿಂದ ಬಿಡಿಸಿಕೊಳ್ಳಲು 8ನೇ ಸೆಕ್ಷನ್ ಅಡಿ ಕೇಳಬಹುದು. ಮಗಳ ಮದುವೆಗೆ ಸೈಟು ಮಾರಲೇಬೇಕಾದವರಿಗೆ ಇದು ಕೆಲಸಕ್ಕೆ ಬರುವ ದಾರಿ.

ಇ.ಡಿ. ಜಪ್ತಿ: ದಿನ ಎಣಿಸಲೇಬೇಕಾದ ಜಾಗ

ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯಡಿ ಜಾರಿ ನಿರ್ದೇಶನಾಲಯ (ಇ.ಡಿ.) ಹೊರಡಿಸುವ ತಾತ್ಕಾಲಿಕ ಜಪ್ತಿ ಆದೇಶಕ್ಕೆ 180 ದಿನಗಳ ಆಯುಸ್ಸು. ಆ ಆದೇಶ ನ್ಯಾಯಾಲಯದ್ದಲ್ಲ, ಇಲಾಖೆಯ ಅಧಿಕಾರಿಯದ್ದು. ಹೊರಡಿಸಿದ 30 ದಿನಗಳೊಳಗೆ ಇ.ಡಿ. ದೆಹಲಿಯ ನ್ಯಾಯನಿರ್ಣಯ ಪ್ರಾಧಿಕಾರದ ಮುಂದೆ ದೂರು ದಾಖಲಿಸಬೇಕು, ಪ್ರಾಧಿಕಾರ ಉತ್ತರಕ್ಕೆ ಕನಿಷ್ಠ 30 ದಿನಗಳ ನೋಟಿಸ್ ಕೊಡಬೇಕು, ಮತ್ತು 180 ದಿನಗಳೊಳಗೆ ದೃಢೀಕರಣದ ಆದೇಶ ಬರಬೇಕು. ಬಾರದಿದ್ದರೆ ತಾತ್ಕಾಲಿಕ ಆದೇಶ ತಾನಾಗಿ ಬೀಳುತ್ತದೆ.

ಎಣಿಕೆಯನ್ನು ಕಾಗದದ ಮೇಲೆ ಮಾಡಿ ನೋಡೋಣ. ಆದೇಶದ ದಿನಾಂಕ 2025ರ ಜನವರಿ 10 ಎಂದಾದರೆ, ಆ ದಿನವನ್ನು ಬಿಟ್ಟು ಎಣಿಸಿದಾಗ ಜನವರಿಯಲ್ಲಿ 21 ದಿನ, ಫೆಬ್ರುವರಿ ಕೊನೆಗೆ 49, ಮಾರ್ಚ್ ಕೊನೆಗೆ 80, ಏಪ್ರಿಲ್ ಕೊನೆಗೆ 110, ಮೇ ಕೊನೆಗೆ 141, ಜೂನ್ ಕೊನೆಗೆ 171. ಅಲ್ಲಿಗೆ 180ನೇ ದಿನ ಜುಲೈ 9. ಇ.ಡಿ. ದೂರಿನ ಗಡುವು ಫೆಬ್ರುವರಿ 9. ‘ಆರು ತಿಂಗಳು’ ಎಂದು ಬಾಯಿಲೆಕ್ಕ ಹಾಕಿ ಜುಲೈ 10 ಎಂದುಕೊಂಡವರಿಗೆ ಒಂದು ದಿನ ತಪ್ಪುತ್ತದೆ, ಇಂಥ ಪ್ರಕರಣಗಳಲ್ಲಿ ಒಂದು ದಿನವೂ ವಾದದ ವಿಷಯವೇ. ಹೈಕೋರ್ಟಿನಿಂದ ತಡೆಯಾಜ್ಞೆ ತಂದಿದ್ದರೆ ಆ ಅವಧಿ 180ರಲ್ಲಿ ಸೇರುವುದಿಲ್ಲ, ತಡೆ ತೆರವಾದ ಮೇಲೆ ಇನ್ನೂ 30 ದಿನಗಳವರೆಗೆ ಹೆಚ್ಚುವರಿ ಕಾಲ ಸಿಗುತ್ತದೆ; ಅಂದರೆ ತಡೆಯಾಜ್ಞೆ ತಂದವರು ಗಡಿಯಾರವನ್ನು ತಾವೇ ನಿಲ್ಲಿಸಿದಂತೆ.

ದೃಢೀಕರಣವಾದ ಮೇಲೆ ಜಪ್ತಿ ಎರಡು ಆಧಾರಗಳಲ್ಲಿ ಮುಂದುವರಿಯುತ್ತದೆ: ತನಿಖೆ ನಡೆಯುತ್ತಿದ್ದರೆ ಗರಿಷ್ಠ 365 ದಿನ, ಅಥವಾ ಈ ಕಾಯ್ದೆಯ ಅಪರಾಧದ ಬಗ್ಗೆ ನ್ಯಾಯಾಲಯದಲ್ಲಿ ಪ್ರಕರಣ ಬಾಕಿ ಇರುವವರೆಗೆ. ವಿಶೇಷ ನ್ಯಾಯಾಲಯದಲ್ಲಿ ಇ.ಡಿ. ಅಭಿಯೋಜನಾ ದೂರು ಸಲ್ಲಿಸಿದೆಯೇ, ಸಲ್ಲಿಸಿದ್ದರೆ ಯಾವ ದಿನ ಎಂಬುದು ಇಲ್ಲಿ ನಿರ್ಣಾಯಕ. ದೃಢೀಕರಣದ ಆದೇಶದ ವಿರುದ್ಧ 45 ದಿನಗಳಲ್ಲಿ ಮೇಲ್ಮನವಿ ನ್ಯಾಯಮಂಡಳಿಗೆ, ಅಲ್ಲಿಂದ 60 ದಿನಗಳಲ್ಲಿ ಹೈಕೋರ್ಟಿಗೆ ಹೋಗಬಹುದು. ಈ ನಡುವೆ ಮನೆ ಜಪ್ತಿಯಾದರೂ ಅದರಲ್ಲಿ ವಾಸಿಸುವ, ಅದನ್ನು ಅನುಭವಿಸುವ ಹಕ್ಕನ್ನು ತಾತ್ಕಾಲಿಕ ಜಪ್ತಿ ಕಿತ್ತುಕೊಳ್ಳುವುದಿಲ್ಲ ಎಂದು 5ನೇ ಸೆಕ್ಷನ್ನೇ ಹೇಳುತ್ತದೆ. ಗೋಡೆಗೆ ನೋಟಿಸ್ ಅಂಟಿಸಿದ ಮರುದಿನವೇ ಮನೆ ಖಾಲಿ ಮಾಡುವವರು ಇದನ್ನು ಓದಿಕೊಳ್ಳಬೇಕು.

ಈ ಜಪ್ತಿಯ ಕೊನೆ ಬಹುಮಟ್ಟಿಗೆ ಮೂಲ ಅಪರಾಧದ, ಎಂದರೆ ಆ ಹಣ ಹುಟ್ಟಿತೆನ್ನಲಾದ ಅಪರಾಧದ, ಕೊನೆಗೆ ಕಟ್ಟಿಕೊಂಡಿದೆ. ಮೂಲ ಅಪರಾಧದಲ್ಲಿ ಅಂತಿಮವಾಗಿ ಬಿಡುಗಡೆಯೋ ಖುಲಾಸೆಯೋ ಆದರೆ, ಅಥವಾ ಆ ಪ್ರಕರಣವೇ ರದ್ದಾದರೆ, ಅದರೊಡನೆ ತಳುಕುಹಾಕಿದ ಹಣ ಅಕ್ರಮ ವರ್ಗಾವಣೆಯ ಅಪರಾಧವೂ ಉಳಿಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಜುಲೈ 27ರ ತೀರ್ಪಿನಲ್ಲಿ ಹೇಳಿದೆ. ‘ಅಂತಿಮವಾಗಿ’ ಎಂಬುದನ್ನು ಮರೆಯಬಾರದು: ಖುಲಾಸೆಯ ಮೇಲೆ ಮೇಲ್ಮನವಿ ಬಾಕಿ ಇದ್ದರೆ ಇ.ಡಿ. ಅದನ್ನೇ ಮುಂದಿಟ್ಟು ವಾದಿಸುತ್ತದೆ. ವಿಚಾರಣೆಯ ಕೊನೆಯಲ್ಲಿ ಅಪರಾಧ ನಡೆದಿಲ್ಲ ಎಂದಾದರೆ ವಿಶೇಷ ನ್ಯಾಯಾಲಯವೇ 8ನೇ ಸೆಕ್ಷನ್ನಿನ 6ನೇ ಉಪಪ್ರಕರಣದಡಿ ಆಸ್ತಿ ಬಿಡುಗಡೆಗೆ ಆದೇಶಿಸಬೇಕು. ಆರೋಪಿ ತೀರಿಕೊಂಡರೆ ಜಪ್ತಿ ತಾನಾಗಿ ಹೋಗುವುದಿಲ್ಲ. ಮುಟ್ಟುಗೋಲು ಹಾಕಬೇಕೋ ಬಿಡಬೇಕೋ ಎಂಬುದನ್ನು 7ನೇ ಉಪಪ್ರಕರಣದಡಿ ನ್ಯಾಯಾಲಯ ನಿರ್ಧರಿಸುತ್ತದೆ, ವಾರಸುದಾರರು ಅಲ್ಲಿ ಹಾಜರಾಗಲೇಬೇಕು. ಆಸ್ತಿಯನ್ನು ಪ್ರಾಮಾಣಿಕವಾಗಿ ಕೊಂಡವರು, ಸಾಲ ಕೊಟ್ಟ ಬ್ಯಾಂಕು, ವಂಚನೆಗೊಳಗಾದವರು ವಿಚಾರಣೆ ಮುಗಿಯುವವರೆಗೆ ಕಾಯದೆ 8ನೇ ಉಪಪ್ರಕರಣದಡಿ ಹಿಂದಿರುಗಿಸುವಂತೆ ಕೇಳಬಹುದು. ಕಂಪನಿ ದಿವಾಳಿ ಪ್ರಕ್ರಿಯೆಯಲ್ಲಿ ಹೊಸ ಮಾಲೀಕರ ಕೈಗೆ ಹೋದಾಗ ದಿವಾಳಿ ಸಂಹಿತೆಯ 32ಎ ಸೆಕ್ಷನ್ ಆ ಕಂಪನಿಯ ಆಸ್ತಿಗೆ ರಕ್ಷಣೆ ಕೊಡುತ್ತದೆ. ಭೂಷಣ್ ಪವರ್ ಅಂಡ್ ಸ್ಟೀಲ್ ಪ್ರಕರಣದಲ್ಲಿ ಜಪ್ತಿಯಾಗಿದ್ದ ಸುಮಾರು 4,025 ಕೋಟಿ ರೂಪಾಯಿಯ ಆಸ್ತಿ 2024ರ ಡಿಸೆಂಬರಿನಲ್ಲಿ ಜೆಎಸ್‌ಡಬ್ಲ್ಯು ಸ್ಟೀಲ್‌ಗೆ ಸಿಕ್ಕಿತು.

ಉಳಿದ ಕೆಲವು ಕಾನೂನುಗಳು

ಮಾದಕವಸ್ತು ಕಾಯ್ದೆಯ 68ಎಫ್ ಸೆಕ್ಷನ್ ಅಡಿ ಹೊರಡಿಸಿದ ತಡೆ ಆದೇಶವನ್ನು ಸಕ್ಷಮ ಪ್ರಾಧಿಕಾರ 30 ದಿನಗಳಲ್ಲಿ ದೃಢೀಕರಿಸದಿದ್ದರೆ ಅದಕ್ಕೆ ಬೆಲೆಯಿಲ್ಲ. ಬಂಧಿತರು ಖುಲಾಸೆಯಾದರೆ 68ಝಡ್ ಪ್ರಕಾರ ಆಸ್ತಿ ಬಿಡುಗಡೆಯಾಗುತ್ತದೆ. ಯುಎಪಿಎ (ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ) ಅಡಿಯ ಜಪ್ತಿಯನ್ನು ನಿಯೋಜಿತ ಪ್ರಾಧಿಕಾರ 60 ದಿನಗಳಲ್ಲಿ ದೃಢೀಕರಿಸಬೇಕು ಇಲ್ಲವೇ ರದ್ದುಪಡಿಸಬೇಕು, ಅದರ ಮೇಲೆ 30 ದಿನಗಳಲ್ಲಿ ನ್ಯಾಯಾಲಯಕ್ಕೆ ಮೇಲ್ಮನವಿ ಇದೆ. 2019ರಲ್ಲಿ ಬೆಂಗಳೂರಿನ ಐಎಂಎ ಹಗರಣದಿಂದ ಮನೆಮಾತಾದ 2004ರ ಕರ್ನಾಟಕ ಠೇವಣಿದಾರರ ಹಿತರಕ್ಷಣಾ ಕಾಯ್ದೆಯಲ್ಲಿ ಜಪ್ತಿಯ ಉದ್ದೇಶವೇ ಆಸ್ತಿ ಮಾರಿ ಠೇವಣಿದಾರರಿಗೆ ಹಣ ಕೊಡುವುದಾದ್ದರಿಂದ, ಅಲ್ಲಿ ಆರೋಪಿಯ ಕಡೆಯವರು ಬಿಡುಗಡೆಗೆ ಕಾಯುವುದು ಸಾಮಾನ್ಯವಾಗಿ ಫಲ ಕೊಡುವುದಿಲ್ಲ. ಆಸ್ತಿ ತನ್ನದು, ಠೇವಣಿಯ ಹಣದಿಂದ ಬಂದುದಲ್ಲ ಎಂದು ಸಕ್ಷಮ ಪ್ರಾಧಿಕಾರಕ್ಕೂ ವಿಶೇಷ ನ್ಯಾಯಾಲಯಕ್ಕೂ ಆರಂಭದಲ್ಲೇ ತೋರಿಸಿಕೊಟ್ಟವರಿಗೆ ಮಾತ್ರ ದಾರಿ ಇದೆ.

ಪ್ರಕರಣವೇ ಮುಗಿದಾಗ

ಪೊಲೀಸರು ‘ಬಿ’ ರಿಪೋರ್ಟ್ (ಆರೋಪಕ್ಕೆ ಆಧಾರವಿಲ್ಲವೆಂದು ಪ್ರಕರಣ ಮುಗಿಸುವ ವರದಿ) ಹಾಕಿ ಮ್ಯಾಜಿಸ್ಟ್ರೇಟರು ಅದನ್ನು ಅಂಗೀಕರಿಸಿದಾಗ, ಹೈಕೋರ್ಟ್ ಎಫ್‌ಐಆರ್ ರದ್ದುಪಡಿಸಿದಾಗ, ಅಥವಾ ವಿಚಾರಣೆಯ ನಂತರ ಖುಲಾಸೆಯಾದಾಗ, ಖಾತೆ ತಾನಾಗಿ ತೆರೆದುಕೊಳ್ಳುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ತೀರ್ಪಿನ ಕೊನೆಯ ಪುಟವನ್ನು ಓದಿ ನೋಡಿ: ವಶದಲ್ಲಿರುವ ಆಸ್ತಿಯನ್ನು ಏನು ಮಾಡಬೇಕು ಎಂಬ ಸಾಲು ಅಲ್ಲಿ ಇರಬೇಕು. ‘ಎಂ.ಒ. (ಮುದ್ದೆಮಾಲು) 1ರಿಂದ 6’ ಎಂದು ವಸ್ತುಗಳ ಬಗ್ಗೆ ಬರೆದು ಖಾತೆಯ ವಿಷಯ ಬಿಟ್ಟುಹೋಗಿರುವ ತೀರ್ಪುಗಳು ಸಾಕಷ್ಟಿವೆ. ವಾದ ಮುಗಿಯುವ ಮುನ್ನವೇ ಖಾತೆಯ ಸಂಖ್ಯೆಯನ್ನೂ ಬ್ಯಾಂಕಿನ ಹೆಸರನ್ನೂ ನಮೂದಿಸಿದ ಮೆಮೊ ಸಲ್ಲಿಸಿದರೆ ಈ ತೊಂದರೆ ತಪ್ಪುತ್ತದೆ. ಬಿಟ್ಟುಹೋಗಿದ್ದರೆ ಅದೇ ನ್ಯಾಯಾಲಯದಲ್ಲಿ 498ನೇ ಸೆಕ್ಷನ್ ಅಡಿ ಅರ್ಜಿ ಹಾಕಬೇಕು. ವಿಲೇವಾರಿಯ ಆದೇಶವನ್ನು ಸಾಮಾನ್ಯವಾಗಿ ಎರಡು ತಿಂಗಳವರೆಗೆ, ಮೇಲ್ಮನವಿ ಸಲ್ಲಿಕೆಯಾಗಿದ್ದರೆ ಅದು ತೀರ್ಮಾನವಾಗುವವರೆಗೆ, ಜಾರಿಗೊಳಿಸುವಂತಿಲ್ಲ; ಜಾನುವಾರು ಮತ್ತು ಕೆಡುವ ಸರಕಿಗೆ, ಹಾಗೂ ಬಾಂಡ್ ಬರೆದುಕೊಟ್ಟವರಿಗೆ ಈ ಕಾಯುವಿಕೆ ಇಲ್ಲ. ಆದ್ದರಿಂದ ಬಾಂಡ್ ಕೊಡಲು ಸಿದ್ಧ ಎಂಬ ಮಾತನ್ನು ಅರ್ಜಿಯಲ್ಲೇ ಬರೆಯುವುದು ಒಳ್ಳೆಯದು.

ಅರ್ಜಿಯಲ್ಲಿ ಏನಿರಬೇಕು

ಅರ್ಜಿ ಉದ್ದವಾಗಿರಬೇಕಾಗಿಲ್ಲ. ಕ್ರೈಂ ನಂಬರ್, ಪಿ.ಎಫ್. ನಂಬರ್ ಅಥವಾ ಸಿ.ಸಿ. ನಂಬರ್ (ನ್ಯಾಯಾಲಯದ ಪ್ರಕರಣದ ಸಂಖ್ಯೆ), ತಡೆಯ ಆದೇಶದ ದಿನಾಂಕ, ಆಸ್ತಿ ನಿಮ್ಮದೆಂಬುದಕ್ಕೆ ದಾಖಲೆ, ಹಣದ ಮೂಲ, ನೀವು ಆರೋಪಿಯೋ ಅಲ್ಲವೋ ಎಂಬುದು, ತಡೆಯಿಂದ ಆಗುತ್ತಿರುವ ನಷ್ಟ, ಮತ್ತು ಆದೇಶ ಯಾವ ಕಾರಣಕ್ಕೆ ಮುಗಿದಿದೆ ಅಥವಾ ಮುಗಿಯಬೇಕು ಎಂಬುದು ಇದ್ದರೆ ಸಾಕು. ಅವಧಿ ಮೀರಿದೆ ಎಂಬುದೇ ಕಾರಣವಾದರೆ ದಿನಗಳ ಲೆಕ್ಕವನ್ನು ಒಂದು ಪ್ರತ್ಯೇಕ ಹಾಳೆಯಲ್ಲಿ ಬರೆದು ಲಗತ್ತಿಸಿ. ಮುಖ್ಯ ಕೋರಿಕೆಯ ಜೊತೆಗೆ ಪರ್ಯಾಯ ಕೋರಿಕೆಗಳನ್ನೂ ಸೇರಿಸಬೇಕು: ಪೂರ್ತಿ ಬಿಡುಗಡೆ ಸಾಧ್ಯವಿಲ್ಲದಿದ್ದರೆ ವಿವಾದಿತ ಮೊತ್ತ ಬಿಟ್ಟು ಉಳಿದದ್ದು, ಅದೂ ಇಲ್ಲವಾದರೆ ಸಂಬಳ, ಆಸ್ಪತ್ರೆ ವೆಚ್ಚ, ತೆರಿಗೆಗೆ ಬೇಕಾದಷ್ಟು, ಅಥವಾ ಅಷ್ಟೇ ಮೊತ್ತದ ಬ್ಯಾಂಕ್ ಗ್ಯಾರಂಟಿಯ ಮೇಲೆ ಬಿಡುಗಡೆ. ಸಹಾಯಕ ಸರ್ಕಾರಿ ಅಭಿಯೋಜಕರು ಆಕ್ಷೇಪಣೆಗೆ ಕಾಲ ಕೇಳುತ್ತಾರೆ, ತನಿಖಾಧಿಕಾರಿಯ ವರದಿ ಬರುವವರೆಗೆ ಒಂದೆರಡು ವಾಯಿದೆ ಹೋಗುತ್ತವೆ. ಇದು ನಡೆಯುವ ರೀತಿ, ಕಂಗೆಡಬೇಕಾಗಿಲ್ಲ. ವಕೀಲರ ಶುಲ್ಕ ಭರಿಸಲಾಗದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಬಹುದು, ಸಹಾಯವಾಣಿ ಸಂಖ್ಯೆ 15100. ಮಹಿಳೆಯರಿಗೂ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಆದಾಯ ನೋಡದೆ ಉಚಿತ ನೆರವು ಕೊಡಬೇಕೆಂದು 1987ರ ಕಾಯ್ದೆ ಹೇಳುತ್ತದೆ.

ಆದೇಶ ಕೈಗೆ ಬಂದ ಮೇಲೆ

ದೃಢೀಕೃತ ನಕಲನ್ನು ಒಂದಲ್ಲ, ನಾಲ್ಕೈದು ಪ್ರತಿ ಪಡೆಯಿರಿ. ಖಾತೆಯಾದರೆ ಬ್ಯಾಂಕಿನ ಶಾಖೆಗೆ ಒಂದು, ಬ್ಯಾಂಕಿನ ನೋಡಲ್ ಅಧಿಕಾರಿಗೆ ಒಂದು, ತನಿಖಾಧಿಕಾರಿಗೆ ಒಂದು. ನ್ಯಾಯಾಲಯದ ಆದೇಶವಿದ್ದರೂ ‘ಠಾಣೆಯಿಂದ ಪತ್ರ ತನ್ನಿ’ ಎಂದು ಬ್ಯಾಂಕಿನವರು ಹೇಳುವುದುಂಟು. ಅದಕ್ಕಾಗಿ ಆದೇಶದಲ್ಲೇ ಬ್ಯಾಂಕಿಗೆ ನೇರ ನಿರ್ದೇಶನ ಇರುವಂತೆ ಮೊದಲೇ ಕೇಳಿಕೊಂಡಿರಬೇಕು. ಸೈಬರ್ ಪ್ರಕರಣಗಳಲ್ಲಿ ಒಂದೇ ಖಾತೆಯ ಮೇಲೆ ಎರಡು ಮೂರು ಊರಿನ ಠಾಣೆಗಳ ತಡೆ ಇರಬಹುದು, ಒಂದು ತೆರವಾದರೂ ಉಳಿದವು ಹಾಗೆಯೇ ಇರುತ್ತವೆ. ಎಲ್ಲ ತಡೆಗಳ ಪಟ್ಟಿಯನ್ನು ಬ್ಯಾಂಕಿನಿಂದ ಲಿಖಿತವಾಗಿ ಪಡೆದು ಪ್ರತಿಯೊಂದಕ್ಕೂ ಬೇರೆಯಾಗಿ ತೆರವಿನ ಪತ್ರ ತರಬೇಕಾಗುತ್ತದೆ.

ಸ್ಥಿರಾಸ್ತಿಯಾದರೆ ಉಪನೋಂದಣಾಧಿಕಾರಿಗೆ ಆದೇಶ ಕೊಟ್ಟು ಬಿಡುಗಡೆಯ ನಮೂದು ಮಾಡಿಸಿ, ಜಮೀನಾದರೆ ತಹಶೀಲ್ದಾರರಿಗೆ ಪ್ರತ್ಯೇಕ ಅರ್ಜಿ ಕೊಟ್ಟು 11ನೇ ಕಾಲಂನ ನಮೂದನ್ನು ತೆಗೆಸಬೇಕು. ಒಂದು ಕಚೇರಿಯ ತಿದ್ದುಪಡಿ ಇನ್ನೊಂದು ಕಚೇರಿಗೆ ತಾನಾಗಿ ಹೋಗುತ್ತದೆಂದು ನಂಬಿ ಕೂರಬಾರದು. ಅವಧಿ ಮೀರಿ ತಾನಾಗಿ ಬಿದ್ದ ಆದೇಶದಲ್ಲಿ ತೊಡಕು ಹೆಚ್ಚು, ಏಕೆಂದರೆ ತೋರಿಸಲು ನಿಮ್ಮ ಕೈಯಲ್ಲಿ ಬಿಡುಗಡೆಯ ಕಾಗದವೇ ಇರುವುದಿಲ್ಲ. ಆಗ ಮೂಲ ಆದೇಶ ಹೊರಡಿಸಿದ ಅಧಿಕಾರಿಗೆ ದಿನಗಳ ಲೆಕ್ಕದೊಂದಿಗೆ ನೋಟಿಸ್ ಕೊಟ್ಟು ತೆರವಿನ ಪತ್ರ ಕೇಳಬೇಕು, ಕೊಡದಿದ್ದರೆ ಆದೇಶ ಅಸ್ತಿತ್ವದಲ್ಲಿಲ್ಲ ಎಂಬ ಘೋಷಣೆಗಾಗಿ ಹೈಕೋರ್ಟಿಗೆ ಹೋಗಬೇಕು. ಎಲ್ಲ ಮುಗಿದ ಮೇಲೆ ಇ.ಸಿ.ಯನ್ನೂ ಪಹಣಿಯನ್ನೂ ಹೊಸದಾಗಿ ತೆಗೆಸಿ, ನಮೂದು ನಿಜಕ್ಕೂ ಹೋಗಿದೆಯೇ ಎಂದು ನೋಡಿ, ಅದರ ನಕಲನ್ನು ಬಿಡುಗಡೆಯ ಆದೇಶದ ಜೊತೆಗೇ ಕಡತದಲ್ಲಿ ಇಟ್ಟುಕೊಳ್ಳಿ. ಮುಂದೆ ಆಸ್ತಿ ಕೊಳ್ಳಲು ಬರುವವರ ವಕೀಲರು ಕೇಳುವುದು ಈ ಎರಡನ್ನೂ ಒಟ್ಟಿಗೆ.